ತಂಡಗಳ ಅಂಕಪಟ್ಟಿ ಮಕ್ಕಳನ್ನು ಒಡೆಯುತ್ತಿದೆಯೇ? ಪ್ರಾಥಮಿಕ ಶಾಲೆಯ ದಿನಚರಿಯಲ್ಲಿ ಒಗ್ಗಟ್ಟು ಬೆಳೆಸುವುದು ಹೇಗೆ?

ಪ್ರಶ್ನೆ: ನಾಲ್ಕನೆಯ ತರಗತಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಪ್ರಾಥಮಿಕ ಶಾಲೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಈ ವರ್ಷ ನಾಲ್ಕನೆಯ ತರಗತಿಯ ಜವಾಬ್ದಾರಿ ನನ್ನ ಮೇಲಿದೆ. ನಮ್ಮಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಎಲ್ಲ ಮಕ್ಕಳನ್ನೂ ನಾಲ್ಕು ಬಣ್ಣದ ತಂಡಗಳಾಗಿ ಹಂಚಿದ್ದೇವೆ. ಸಮಯಕ್ಕೆ ಸರಿಯಾಗಿ ಬಂದರೆ, ಸಾಲಿನಲ್ಲಿ ಗದ್ದಲವಿಲ್ಲದೆ ನಿಂತರೆ, ಹೋಂವರ್ಕ್ ಪೂರ್ತಿ ಮಾಡಿ ತಂದರೆ ಆ ಮಗುವಿನ ತಂಡಕ್ಕೆ ಅಂಕ ಸೇರುತ್ತದೆ, ತಪ್ಪಿದರೆ ಕಳೆಯುತ್ತದೆ. ಅಂಕಪಟ್ಟಿಯ ಫಲಕ ಮುಖ್ಯ ಬಾಗಿಲಿನ ಪಕ್ಕದಲ್ಲೇ ಇರುವುದರಿಂದ ಮಕ್ಕಳು ಶಾಲೆಯೊಳಗೆ ಕಾಲಿಟ್ಟ ಕೂಡಲೇ ಮೊದಲು ನೋಡುವುದು ಅದನ್ನೇ. ಮಕ್ಕಳಲ್ಲಿ ಒಗ್ಗಟ್ಟು ಬೆಳೆಯಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಈ ವ್ಯವಸ್ಥೆಯನ್ನು ತಂದೆವು ಮತ್ತು ಅದನ್ನು ತರಬೇಕೆಂದು ಒತ್ತಾಯಿಸಿದವರಲ್ಲಿ ನಾನೂ ಒಬ್ಬಳು.

ಕಳೆದ ತಿಂಗಳು ನಡೆದ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತಿದೆ. ನನ್ನ ತರಗತಿಯ ಹುಡುಗನೊಬ್ಬ ಒಂದು ಬೆಳಿಗ್ಗೆ ಎಂಟು ನಿಮಿಷ ತಡವಾಗಿ ಸಾಲಿಗೆ ಬಂದ. ಗೇಟಿನ ಬಳಿಯ ಮೆಟ್ಟಿಲಿನಲ್ಲಿ ಒಂದನೆಯ ತರಗತಿಯ ಪುಟ್ಟ ಮಗುವೊಂದು ಎಡವಿ ಬಿದ್ದಿತ್ತು. ಮೊಣಕಾಲು ತರಚಿತ್ತು, ಚೀಲದಲ್ಲಿದ್ದದ್ದೆಲ್ಲ ಚೆಲ್ಲಾಪಿಲ್ಲಿಯಾಗಿತ್ತು. ಇವನು ಪೆನ್ಸಿಲ್, ರಬ್ಬರುಗಳನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿ, ನಲ್ಲಿಯ ಹತ್ತಿರ ಕರೆದೊಯ್ದು ಮೊಣಕಾಲು ತೊಳೆದು, ಆ ಮಗುವನ್ನು ಅದರ ತರಗತಿಯವರೆಗೆ ಬಿಟ್ಟು ಬಂದಿದ್ದ. ಹಾಜರಿ ಗುರುತಿಸುತ್ತಿದ್ದ ಮಾನಿಟರ್ ನಿಯಮದಂತೆ 'ತಡ' ಎಂದು ಬರೆದ, ತಂಡದ ಎರಡು ಅಂಕ ಹೋಯಿತು, ಅಷ್ಟರಿಂದಲೇ ಮೊದಲ ಸ್ಥಾನದಲ್ಲಿದ್ದ ಹಳದಿ ತಂಡ ಎರಡನೆಯ ಸ್ಥಾನಕ್ಕೆ ಇಳಿಯಿತು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅವನ ತಂಡದವರು ತಮ್ಮ ಸುತ್ತಿನಲ್ಲಿ ಅವನಿಗೆ ಜಾಗ ಬಿಡಲಿಲ್ಲ. ಅವನು ನನ್ನ ಬಳಿಗೆ ಬಂದು ಯಾರ ಮೇಲೂ ದೂರು ಹೇಳಲಿಲ್ಲ. "ಮೇಡಂ, ಬಿದ್ದವರನ್ನು ಎತ್ತಿದರೆ ಎಷ್ಟು ಅಂಕ?" ಎಂದಷ್ಟೇ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಆ ದಿನದಿಂದ ಬೇರೆ ವಿಷಯಗಳೂ ಕಣ್ಣಿಗೆ ಬೀಳುತ್ತಿವೆ. ಓದಲು ತಡವರಿಸುವ ಮಗು ಎದ್ದು ನಿಂತರೆ ಅದರ ತಂಡದವರು ನಿಟ್ಟುಸಿರು ಬಿಡುತ್ತಾರೆ. ಬಿಡುವಿನ ವೇಳೆಯಲ್ಲಿಯೂ ಬೇರೆ ಬಣ್ಣದವರನ್ನು ಆಟಕ್ಕೆ ಸೇರಿಸಿಕೊಳ್ಳುವುದು ಕಡಿಮೆಯಾಗಿದೆ. ಪ್ರತಿದಿನ ನಮ್ಮ ಕೋಣೆಯನ್ನು ಗುಡಿಸುವ ಅಮ್ಮನ ಹೆಸರೇನೆಂದು ಕೇಳಿದರೆ ಮೂವತ್ತೆರಡು ಮಕ್ಕಳಲ್ಲಿ ಐವರಿಗೆ ಮಾತ್ರ ಗೊತ್ತಿತ್ತು. ವಾರ್ಷಿಕೋತ್ಸವದ ದಿನ ಎಲ್ಲರೂ ಕೈಕೈ ಹಿಡಿದು ವೇದಿಕೆಯ ಮೇಲೆ ನಿಲ್ಲುತ್ತಾರೆ, ಪೋಷಕರು ಮನಸಾರೆ ಚಪ್ಪಾಳೆ ತಟ್ಟುತ್ತಾರೆ, ಮರುದಿನದಿಂದ ಮತ್ತೆ ಫಲಕದ ಮುಂದೆ ಗುಂಪುಗೂಡುತ್ತಾರೆ.

ಅಂಕಪಟ್ಟಿಯನ್ನು ತೆಗೆದುಹಾಕಬೇಕೇ, ಇಲ್ಲವೇ ತಿದ್ದಿಕೊಂಡರೆ ಸಾಕೇ? ವರ್ಷಕ್ಕೊಮ್ಮೆ ನಡೆಯುವ ಕಾರ್ಯಕ್ರಮಗಳನ್ನು ಬಿಟ್ಟು, ಗಂಟೆ ಬಾರಿಸುವುದರಿಂದ ಹಿಡಿದು ಮನೆಗೆ ಹೊರಡುವವರೆಗಿನ ಸಾಮಾನ್ಯ ದಿನದಲ್ಲಿ ಮಕ್ಕಳು ಒಬ್ಬರಿಗೊಬ್ಬರು ಆಗುವಂತೆ ನೋಡಿಕೊಳ್ಳುವುದು ಹೇಗೆ? ಅನುಭವವಿರುವ ಶಿಕ್ಷಕರೂ ಪೋಷಕರೂ ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಮುಖ್ಯೋಪಾಧ್ಯಾಯ

ಮೇಡಂ, ಆ ಹುಡುಗನ ಪ್ರಶ್ನೆಯನ್ನು ಓದಿದ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಾನೂ ಇಂಥದೇ ಫಲಕವನ್ನು ಹನ್ನೊಂದು ವರ್ಷ ನಡೆಸಿದವನು, ಆದ್ದರಿಂದ ನಿಮ್ಮನ್ನು ತಪ್ಪಿತಸ್ಥರೆಂದು ಎಣಿಸುವ ಹಕ್ಕು ನನಗಿಲ್ಲ.

ತಂಡ ಕಟ್ಟಿದ್ದರಿಂದಲೇ ಮಕ್ಕಳು ಕೆಟ್ಟರು ಎಂದು ನಾನು ಹೇಳುವುದಿಲ್ಲ. ಒಬ್ಬನ ತಪ್ಪಿಗೆ ಎಲ್ಲರ ಅಂಕ ಕಳೆಯುವ ಲೆಕ್ಕವೇ ಕೆಡುಕಿನ ಬೇರು. ಒಬ್ಬ ತಡವಾಗಿ ಬಂದದ್ದಕ್ಕೆ ಇಡೀ ತಂಡ ನಷ್ಟ ಅನುಭವಿಸುವಾಗ, ಉಳಿದವರು ಅವನ ಗೆಳೆಯರಾಗಿ ಉಳಿಯುವುದಿಲ್ಲ, ಕಾವಲುಗಾರರಾಗುತ್ತಾರೆ. ದೊಡ್ಡವರಾದ ನಾವು ಮಾಡಬೇಕಾದ ಶಿಸ್ತಿನ ಕೆಲಸವನ್ನು ಮಕ್ಕಳ ಹೆಗಲಿಗೆ ಹೊರಿಸಿದಂತಾಗುತ್ತದೆ. ಮೊದಲು ಈ ಕಳೆಯುವ ಪದ್ಧತಿಯನ್ನು ನಿಲ್ಲಿಸಿ. ಅದಕ್ಕೆ ಯಾರ ಅನುಮತಿಯಾದರೂ ಬೇಕಿದ್ದರೆ ನಾಳೆಯೇ ಕೇಳಿ.

ತಂಡ ತಂಡಗಳ ನಡುವಿನ ಬಿರುಕಿನ ಬಗ್ಗೆ ಒಂದು ಹಳೆಯ ಪ್ರಯೋಗ ನೆನಪಾಗುತ್ತದೆ. 1954ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಮುಜಾಫರ್ ಷರೀಫ್ ಮತ್ತು ಅವರ ಸಂಗಡಿಗರು ಸುಮಾರು ಹನ್ನೊಂದು ವರ್ಷ ವಯಸ್ಸಿನ 22 ಹುಡುಗರನ್ನು ಬೇಸಿಗೆ ಶಿಬಿರಕ್ಕೆ ಕರೆದೊಯ್ದು ಎರಡು ಗುಂಪುಗಳಾಗಿ ಮಾಡಿದರು. ಅವರೆಲ್ಲರೂ ಒಂದೇ ಬಗೆಯ ಮನೆಗಳಿಂದ ಬಂದ ಸಾಧಾರಣ ಹುಡುಗರು, ಮೊದಲೇ ಯಾವ ಹಗೆಯೂ ಇರಲಿಲ್ಲ. ಬಹುಮಾನವಿಟ್ಟು ಪಂದ್ಯಗಳನ್ನು ಆರಂಭಿಸಿದ ಕೆಲವೇ ದಿನಗಳಲ್ಲಿ ಬೈಗುಳ ಶುರುವಾಯಿತು, ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಟ್ಟರು, ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗಿದರು. ಆಮೇಲೆ ಎರಡೂ ಗುಂಪುಗಳನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರು, ಒಟ್ಟಿಗೆ ಸಿನಿಮಾ ತೋರಿಸಿದರು. ಅದರಿಂದ ಏನೂ ಪ್ರಯೋಜನವಾಗಲಿಲ್ಲ, ಪಂಕ್ತಿಯಲ್ಲಿ ಕುಳಿತೂ ಜಗಳವಾಡಿದರು. ಶಿಬಿರದ ನೀರಿನ ಪೂರೈಕೆ ನಿಂತು ಎಲ್ಲರೂ ಸೇರಿ ತೊಂದರೆ ಎಲ್ಲಿದೆಯೆಂದು ಹುಡುಕಬೇಕಾಗಿ ಬಂದಾಗ, ಕೆಟ್ಟು ನಿಂತ ಲಾರಿಯನ್ನು ಎಲ್ಲರೂ ಒಂದೇ ಹಗ್ಗ ಹಿಡಿದು ಎಳೆಯಬೇಕಾದಾಗ ಮಾತ್ರ ಹಗೆ ಸಡಿಲವಾಗುತ್ತ ಬಂತು. ಆ ಸನ್ನಿವೇಶಗಳನ್ನು ಸಂಶೋಧಕರೇ ಬೇಕೆಂದು ಹೂಡಿದ್ದರು ಎಂಬುದನ್ನು ಮರೆಯಬಾರದು, ಮಕ್ಕಳನ್ನು ಹಾಗೆ ಕಾದಾಡಲು ಬಿಡುವುದನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೂ ಒಂದೇ ಚಪ್ಪರದ ಕೆಳಗೆ ಕೂರಿಸಿದ ಮಾತ್ರಕ್ಕೆ ಮಕ್ಕಳು ಒಂದಾಗುವುದಿಲ್ಲ, ಒಬ್ಬರ ಕೈ ಸಾಲದ ಕೆಲಸ ಎದುರಿಗಿರಬೇಕು ಎಂಬ ಮಾತು ನನ್ನ ಶಾಲೆಯಲ್ಲಿಯೂ ನಿಜವಾಯಿತು.

ನಾವು ಮಾಡಿದ್ದು ತೀರ ಸಣ್ಣ ಕೆಲಸ. ಗಿಡಗಳಿಗೆ ನೀರು ಹಾಕುವುದನ್ನು ತಂಡಗಳಿಗೆ ಬಿಟ್ಟಿದ್ದೆವು. ಪ್ರತಿ ತಂಡವೂ ತನ್ನ ಗಿಡಕ್ಕೆ ಮಾತ್ರ ನೀರೆರೆದು ಪಕ್ಕದ ತಂಡದ ಗಿಡ ಬಾಡಿದರೂ ನೋಡದೆ ಹೋಗುತ್ತಿತ್ತು. ಅದನ್ನು ಬಿಟ್ಟು, ಐದನೆಯ ತರಗತಿಯ ಒಂದು ಮಗು ಮತ್ತು ಎರಡನೆಯ ತರಗತಿಯ ಒಂದು ಮಗು ಸೇರಿ ಒಂದು ಜೋಡಿ, ಆ ಜೋಡಿಗೆ ಒಂದು ಬಕೆಟ್ಟು ಎಂದು ಮಾಡಿದೆವು. ಇಬ್ಬರೂ ಬೇರೆ ಬೇರೆ ತಂಡದವರಾಗಿರಬೇಕು. ಒಂದೇ ಹಿಡಿಯನ್ನು ಇಬ್ಬರು ಹಿಡಿದು ನಡೆಯುವಾಗ ಹೆಜ್ಜೆ ಹೊಂದದಿದ್ದರೆ ನೀರು ಇಬ್ಬರ ಕಾಲ ಮೇಲೂ ಚೆಲ್ಲುತ್ತದೆ. ಮೊದಲ ವಾರ ದೊಡ್ಡವರು ದಾಪುಗಾಲು ಹಾಕಿ ಅರ್ಧ ನೀರು ಕಳೆದುಕೊಂಡರು. ಮೂರನೆಯ ವಾರಕ್ಕೆ ಎತ್ತರದ ಹುಡುಗರು ಸ್ವಲ್ಪ ಬಾಗಿ, ಹಿಡಿಯನ್ನು ಚಿಕ್ಕವರ ಕೈ ಮಟ್ಟಕ್ಕೆ ಇಳಿಸಿ, ಪುಟ್ಟ ಹೆಜ್ಜೆ ಇಡುವುದನ್ನು ಕಲಿತಿದ್ದರು. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಕೋಣೆ ಗುಡಿಸುವ ಅಮ್ಮನ ವಿಷಯದಲ್ಲಿ ಒಂದು ಮಾತು. ಮನೆಗೆ ಹೊರಡುವ ಮುನ್ನ ಐದು ನಿಮಿಷ ಪ್ರತಿಯೊಬ್ಬರೂ ತಮ್ಮ ಬೆಂಚಿನ ಕೆಳಗಿನ ಕಾಗದದ ಚೂರು, ಪೆನ್ಸಿಲ್ ಸಿಪ್ಪೆಗಳನ್ನು ಎತ್ತಲಿ, ಆ ಹೊತ್ತಿನಲ್ಲಿ ಅವರೂ ಕೋಣೆಯಲ್ಲಿರಲಿ, ಹೇಗೆ ಮಾಡಬೇಕೆಂದು ಅವರೇ ಹೇಳಿಕೊಡಲಿ. ಕೆಲಸ ಎಂದೂ ಶಿಕ್ಷೆಯಾಗಬಾರದು, ಇಂಥ ಮನೆಯ ಮಕ್ಕಳಿಗೆ ಇಂಥ ಕೆಲಸ ಎಂದಾಗಲಿ ಹೆಣ್ಣುಮಕ್ಕಳಿಗೇ ಪೊರಕೆ ಎಂದಾಗಲಿ ಆಗಬಾರದು. ಸರದಿ ಪಟ್ಟಿಯಲ್ಲಿ ಶಿಕ್ಷಕರ ಹೆಸರೂ ಇರಲಿ. ಶೌಚಾಲಯದ ಕೆಲಸವನ್ನು ಮಾತ್ರ ಮಕ್ಕಳಿಗೆ ಹಚ್ಚಲೇಬಾರದು.

ಸದ್ಯಕ್ಕೆ ಅಂಕಪಟ್ಟಿಯನ್ನು ಉಳಿಸಿಕೊಳ್ಳಲೇಬೇಕಾದ ಅನಿವಾರ್ಯತೆ ಇದ್ದರೆ, ಬೇರೆ ತಂಡದವರಿಗೆ ನೆರವಾದದ್ದಕ್ಕೂ ಅಂಕ ಕೊಟ್ಟು ನೋಡಬಹುದು.

ಉತ್ತರ 2: ಮೂರು ಮತ್ತು ನಾಲ್ಕನೆಯ ತರಗತಿಗಳಿಗೆ ಪರಿಸರ ಅಧ್ಯಯನ ಕಲಿಸುವ ಶಿಕ್ಷಕ

ಹಿರಿಯರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಮಕ್ಕಳು ಶಾಲೆಯಲ್ಲಿ ಕಳೆಯುವ ಹೆಚ್ಚಿನ ಸಮಯ ಪಾಠದ್ದೇ ಆದ್ದರಿಂದ, ಗಿಡಕ್ಕೆ ನೀರು ಹಾಕುವ ಹತ್ತು ನಿಮಿಷದಲ್ಲಿ ಕಲಿತ ಒಗ್ಗಟ್ಟು ಪಾಠದ ನಲವತ್ತು ನಿಮಿಷಗಳಲ್ಲಿ ಕರಗಿಹೋಗದಂತೆ ನೋಡಿಕೊಳ್ಳಬೇಕು. ಶಿಕ್ಷಕರು ಪ್ರಶ್ನೆ ಕೇಳುತ್ತಾರೆ, ಉತ್ತರ ಗೊತ್ತಿರುವವರು ಕೈ ಎತ್ತುತ್ತಾರೆ, ಒಬ್ಬರನ್ನು ಎಬ್ಬಿಸುತ್ತಾರೆ, ಉಳಿದವರ ಕೈ ಇಳಿಯುತ್ತದೆ. ಈ ದಿನನಿತ್ಯದ ಕ್ರಮದಲ್ಲಿ ಒಬ್ಬ ಮಗು ತಪ್ಪು ಹೇಳುವುದು ಇನ್ನೊಬ್ಬರ ಪಾಲಿಗೆ ಅವಕಾಶ. ಓದಲು ತಡವರಿಸುವ ಮಗು ಎದ್ದಾಗ ನಿಮ್ಮ ತರಗತಿಯಲ್ಲಿ ಕೇಳಿಸಿದ ಆ ನಿಟ್ಟುಸಿರಿಗೆ ಅಂಕಪಟ್ಟಿಯೊಂದೇ ಕಾರಣವಲ್ಲ ಎಂದು ನನಗೆ ಅನ್ನಿಸುತ್ತದೆ.

1971ರಲ್ಲಿ ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ, ಅಲ್ಲಿಯವರೆಗೆ ಬೇರೆ ಬೇರೆ ಶಾಲೆಗಳಲ್ಲಿ ಓದುತ್ತಿದ್ದ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ಕೋಣೆಗೆ ಬಂದು ಘರ್ಷಣೆಗಳಾದಾಗ, ಎಲಿಯಟ್ ಅರಾನ್ಸನ್ ಎಂಬ ಮನೋವಿಜ್ಞಾನಿ ಮತ್ತು ಅವರ ವಿದ್ಯಾರ್ಥಿಗಳು ಈ ಕ್ರಮವನ್ನೇ ಬದಲಿಸಿದರು. ಅದಕ್ಕೆ ಜಿಗ್‌ಸಾ ತರಗತಿ ಎಂಬ ಹೆಸರು ಬಂತು. ಐದಾರು ಮಕ್ಕಳ ಗುಂಪಿನಲ್ಲಿ ಪಾಠದ ಒಂದೊಂದು ಭಾಗ ಒಂದೊಂದು ಮಗುವಿನ ಬಳಿ ಮಾತ್ರ ಇರುತ್ತದೆ. ಉಳಿದವರಿಗೆ ಆ ಭಾಗ ತಿಳಿಯಬೇಕಾದರೆ ಆ ಮಗುವಿನ ಮಾತು ಕೇಳದೆ ಬೇರೆ ದಾರಿಯಿಲ್ಲ. ಆಟಿಕೆ ಚಿತ್ರದ ತುಣುಕುಗಳಂತೆ ಎಲ್ಲರ ಭಾಗವೂ ಸೇರಿದಾಗಲೇ ಪಾಠ ಪೂರ್ಣವಾಗುತ್ತದೆ.

ನಾನು ಇದನ್ನು ಜಲಚಕ್ರದ ಪಾಠದಿಂದ ಆರಂಭಿಸಿದೆ. ನೀರು ಆವಿಯಾಗುವುದು ಒಬ್ಬರಿಗೆ, ಮೋಡ ಕಟ್ಟುವುದು ಇನ್ನೊಬ್ಬರಿಗೆ, ಮಳೆ ಮತ್ತೊಬ್ಬರಿಗೆ, ಅಂತರ್ಜಲ ಮಗದೊಬ್ಬರಿಗೆ ಎಂದು ನಾಲ್ಕು ಚೀಟಿಗಳನ್ನು ಮಾಡಿದೆ. ಎಲ್ಲ ಗುಂಪುಗಳ 'ಅಂತರ್ಜಲ'ದವರು ಮೊದಲು ಒಂದೆಡೆ ಸೇರಿ ತಮ್ಮ ಚೀಟಿಯನ್ನು ಒಟ್ಟಿಗೆ ಓದಿ, ಅರ್ಥವಾಗದ್ದನ್ನು ಚರ್ಚಿಸಿ, ಹೇಗೆ ವಿವರಿಸಬೇಕೆಂದು ಅಭ್ಯಾಸ ಮಾಡಿಕೊಂಡ ಮೇಲೆ ತಮ್ಮ ತಮ್ಮ ಗುಂಪಿಗೆ ಮರಳುತ್ತಾರೆ. ಈ ಹಂತವನ್ನು ಸಮಯ ಉಳಿಸಲೆಂದು ಯಾರೂ ಬಿಟ್ಟುಬಿಡಬೇಡಿ, ಏಕೆಂದರೆ ಓದಿನಲ್ಲಿ ಹಿಂದಿರುವ ಮಗುವಿನ ಮಾನ ಉಳಿಯುವುದು ಇಲ್ಲಿಯೇ.

ನನ್ನ ತರಗತಿಯಲ್ಲಿ ಬಹಳ ಮೆಲ್ಲಗೆ ಮಾತನಾಡುವ ಹುಡುಗಿಯೊಬ್ಬಳಿದ್ದಾಳೆ. ಅವಳ ಪಾಲಿಗೆ ಅಂತರ್ಜಲ ಬಂದಿತ್ತು. ಗುಂಪಿನವರು "ಕೇಳಿಸುತ್ತಿಲ್ಲ, ಜೋರಾಗಿ ಹೇಳು" ಎಂದು ಮೂರು ಸಲ ಅಂದರು, ಅವಳು ಇನ್ನಷ್ಟು ಮೆಲ್ಲಗಾದಳು. ನಾನು ಪಕ್ಕದಲ್ಲಿ ಹಾದುಹೋಗುತ್ತ, "ಈ ಗುಂಪಿನಲ್ಲಿ ಅದು ಗೊತ್ತಿರುವುದು ಅವಳೊಬ್ಬಳಿಗೇ, ನಾಳಿನ ಪರೀಕ್ಷೆಯಲ್ಲಿ ಅದರ ಪ್ರಶ್ನೆಯೂ ಇದೆ" ಎಂದಷ್ಟೇ ಹೇಳಿದೆ. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ ಎದ್ದು ಅವಳ ಬಲಗಡೆಗೆ ಬಂದು ಕುಳಿತು, "ಮಣ್ಣಿನ ಕೆಳಗೆ ಹೋದ ನೀರು ಎಲ್ಲಿ ನಿಲ್ಲುತ್ತದೆ?" ಎಂದು ಕೇಳಿದ. ಅವಳು ಮಾತನಾಡಲಿಲ್ಲ, ಪೆನ್ಸಿಲ್ ತೆಗೆದುಕೊಂಡು ಮಣ್ಣು, ಮರಳು, ಕಲ್ಲು ಎಂದು ಒಂದರ ಕೆಳಗೊಂದು ಗೆರೆ ಎಳೆದಳು. ಮೂರು ತಲೆಗಳು ಆ ಹಾಳೆಯ ಮೇಲೆ ಬಾಗಿದವು.

ಎಚ್ಚರಿಕೆಗಳೂ ಇವೆ. ಪರೀಕ್ಷೆ ಪ್ರತಿ ಮಗುವಿಗೂ ಪ್ರತ್ಯೇಕವಾಗಿರಬೇಕು. ಗುಂಪಿಗೆಲ್ಲ ಒಂದೇ ಅಂಕ ಕೊಟ್ಟರೆ ನಿಮ್ಮ ಫಲಕದ ಸಮಸ್ಯೆಯೇ ಬೇರೆ ವೇಷದಲ್ಲಿ ಮರಳಿ ಬರುತ್ತದೆ. ಒಂದು ಮಗು ಗೈರಾದರೆ ಒಂದು ತುಣುಕು ಇಲ್ಲದಂತಾಗುತ್ತದೆ, ಆದ್ದರಿಂದ ಹೆಚ್ಚುವರಿ ಚೀಟಿಯೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಗಣಿತದ ಹೊಸ ಲೆಕ್ಕ ಕಲಿಸುವಾಗ ಇದು ಹೊಂದುವುದಿಲ್ಲ. ಓದಿ ತಿಳಿಯಬಹುದಾದ, ಭಾಗ ಮಾಡಬಹುದಾದ ಪಾಠಗಳಿಗೆ ಮಾತ್ರ ಸರಿ. ವಾರಕ್ಕೆ ಎರಡು ಸಲ ಸಾಕು.

ಉತ್ತರ 3: ಇಬ್ಬರು ಮಕ್ಕಳ ತಂದೆ

ನಾನು ಶಿಕ್ಷಕನಲ್ಲ. ಆದರೆ ನಿವೃತ್ತ ಮುಖ್ಯೋಪಾಧ್ಯಾಯರ ಕೊನೆಯ ಸಲಹೆಯನ್ನು ಗೌರವದಿಂದಲೇ ವಿರೋಧಿಸಬೇಕಾಗಿದೆ. ನೆರವಾದದ್ದಕ್ಕೆ ಅಂಕ ಕೊಡುವುದು ಬೇಡ. "ಬಿದ್ದವರನ್ನು ಎತ್ತಿದರೆ ಎಷ್ಟು ಅಂಕ?" ಎಂಬ ಪ್ರಶ್ನೆಗೆ "ಐದು" ಎಂದು ಉತ್ತರಿಸಿದ ದಿನ, ಆ ಹುಡುಗ ಅಂದು ಬೆಳಿಗ್ಗೆ ಏನನ್ನೂ ಬಯಸದೆ ಮಾಡಿದ ಕೆಲಸಕ್ಕೆ ನಾವೇ ಬೆಲೆಚೀಟಿ ಅಂಟಿಸಿದಂತಾಗುತ್ತದೆ.

ಇದು ನನ್ನ ಅನಿಸಿಕೆ ಮಾತ್ರವಲ್ಲ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬವರು 1973ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದನ್ನು ಮೊದಲೇ ಇಷ್ಟಪಡುತ್ತಿದ್ದ 3ರಿಂದ 5 ವರ್ಷದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮುಂಚೆಯೇ ಹೇಳಿದರು, ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು, ಉಳಿದವರಿಗೆ ಏನನ್ನೂ ಕೊಡಲಿಲ್ಲ. ಒಂದೆರಡು ವಾರಗಳ ನಂತರ ಅದೇ ಪೆನ್ನುಗಳನ್ನು ಮಕ್ಕಳ ಮುಂದಿಟ್ಟು ಗಮನಿಸಿದಾಗ, ಬಹುಮಾನದ ಆಸೆಯಿಂದ ಬರೆದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಬಹುಮಾನಕ್ಕಾಗಿ ಮಾಡುವ ಕೆಲಸವಾಗಿತ್ತು.

ನಮ್ಮ ಮನೆಯಲ್ಲಿಯೇ ನಾನು ಇದನ್ನು ಕಂಡೆ. ದೊಡ್ಡ ಮಗ ಮೊದಲು ತಂಗಿಯ ಬೂಟಿನ ಲೇಸು ಕಟ್ಟಿಕೊಡುತ್ತಿದ್ದ. ಶಾಲೆಯಲ್ಲಿ 'ಒಳ್ಳೆಯ ಕೆಲಸ'ದ ನಕ್ಷತ್ರ ಚೀಟಿಗಳು ಬಂದ ಮೇಲೆ, "ಮನೆಯಲ್ಲಿ ಮಾಡಿದರೆ ಮಿಸ್‌ಗೆ ಕಾಣುವುದಿಲ್ಲವಲ್ಲ, ಅಪ್ಪ" ಎಂದ. ಆ ಮಾತಿಗೆ ನಾನು ಅವನನ್ನು ಗದರಿಸಲಿಲ್ಲ. ಅವನಿಗೆ ನಾವು ಕಲಿಸಿದ್ದನ್ನೇ ಅವನು ಹೇಳಿದ್ದ.

ಪೋಷಕರ ಪಾತ್ರವನ್ನೂ ಹೇಳದೆ ಬಿಡಲಾರೆ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಕಿರುಪರೀಕ್ಷೆಯ ಅಂಕಗಳ ಫೋಟೊ ಹಾಕುವುದು, ಯಾವ ಮಗುವಿನಿಂದ ತಂಡ ಹಿಂದೆ ಬಿತ್ತೆಂದು ಕೇಳುವುದು ನಮ್ಮಲ್ಲಿಯೇ ನಡೆಯುತ್ತಿತ್ತು. ಮಕ್ಕಳು ಬುತ್ತಿ ಬಿಚ್ಚುವ ಸುತ್ತಿನಲ್ಲಿ ಜಾಗ ಬಿಡದಿರುವುದನ್ನು ಎಲ್ಲಿಂದ ಕಲಿತರೆಂದು ನಾವು ಹುಡುಕಿ ಹೋಗಬೇಕಾಗಿಲ್ಲ. ನಾವು ಕೆಲವರು ಕೂಡಿ, ಆ ಗುಂಪಿನಲ್ಲಿ ಯಾವ ಮಗುವಿನ ಹೆಸರನ್ನೂ ಅಂಕವನ್ನೂ ಬರೆಯಬಾರದೆಂದು ಒಪ್ಪಿಕೊಂಡೆವು. ಶಾಲೆ ಪೋಷಕರ ನೆರವು ಕೇಳುವಾಗ ಹಗಲಿನಲ್ಲಿ ಬಿಡುವಿರುವವರನ್ನಷ್ಟೇ ಮನಸ್ಸಿನಲ್ಲಿಟ್ಟುಕೊಳ್ಳಬಾರದು ಎಂಬುದು ನನ್ನ ಇನ್ನೊಂದು ವಿನಂತಿ. ರಾತ್ರಿ ಪಾಳಿಯ ಕೆಲಸದವರೂ ದಿನಗೂಲಿಯವರೂ ಸಭೆಗೆ ಬರಲಾರರು. ಆದರೆ ಗ್ರಂಥಾಲಯದ ನಾಲ್ಕು ಹರಿದ ಪುಸ್ತಕಗಳನ್ನು ಮನೆಗೆ ಕಳುಹಿಸಿದರೆ, ಮಗುವಿನ ಜೊತೆ ಕುಳಿತು ಅಂಟು ಹಚ್ಚಿ, ರಟ್ಟು ಕಟ್ಟಿ ಹಿಂದಿರುಗಿಸಬಲ್ಲರು. ನಮ್ಮಲ್ಲಿ ಅತ್ಯಂತ ಅಚ್ಚುಕಟ್ಟಾಗಿ ರಟ್ಟು ಕಟ್ಟಿ ಕಳುಹಿಸಿದವರು ಒಂದು ಸಭೆಗೂ ಬಂದಿರದ ತಾಯಿಯೊಬ್ಬರು.

ಉತ್ತರ 4: ಶಾಲೆಯ ಗ್ರಂಥಾಲಯ ಮತ್ತು ಬಿಡುವಿನ ವೇಳೆಯ ಮೈದಾನ ನೋಡಿಕೊಳ್ಳುವವರು

ಬಿಡುವಿನ ವೇಳೆಯ ಬಗ್ಗೆ ಮಾತ್ರ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ಶಿಕ್ಷಕರು ಆ ಹೊತ್ತಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿರುತ್ತಾರೆ, ನಾನು ಮೈದಾನದಲ್ಲಿರುತ್ತೇನೆ.

ಒಂಟಿಯಾದ ಮಗು ಸುಮ್ಮನೆ ನಿಂತಿರುತ್ತದೆ ಎಂದುಕೊಳ್ಳಬೇಡಿ. ಅದು ಯಾವಾಗಲೂ ಏನಾದರೂ ಕೆಲಸದಲ್ಲಿರುವಂತೆ ತೋರಿಸಿಕೊಳ್ಳುತ್ತದೆ: ಬಾಟಲಿಗೆ ಮತ್ತೆ ಮತ್ತೆ ನೀರು ತುಂಬುತ್ತದೆ, ಬಿಚ್ಚದ ಲೇಸನ್ನು ಬಿಚ್ಚಿ ಕಟ್ಟುತ್ತದೆ, ಗೋಡೆಯುದ್ದಕ್ಕೂ ಬೆರಳಾಡಿಸುತ್ತ ನಡೆಯುತ್ತದೆ. ಒಂದೇ ಬಿಡುವಿನಲ್ಲಿ ಮೂರು ಸಲ ನಲ್ಲಿಯ ಬಳಿಗೆ ಬರುವ ಮಗುವನ್ನು ನಾನು ಗುರುತಿಟ್ಟುಕೊಳ್ಳುತ್ತೇನೆ. ಅಂಥ ಮಗುವನ್ನು ಕೈ ಹಿಡಿದು ಕರೆದೊಯ್ದು "ಇವನನ್ನೂ ಆಟಕ್ಕೆ ಸೇರಿಸಿಕೊಳ್ಳಿ" ಎಂದರೆ ನಾನು ಬೆನ್ನು ತಿರುಗಿಸುವವರೆಗೆ ಸೇರಿಸಿಕೊಳ್ಳುತ್ತಾರೆ. ಅದರ ಬದಲು ಅವನ ಕೈಗೆ ಹಗ್ಗವನ್ನೋ ಚೆಂಡನ್ನೋ ಕೊಟ್ಟು, ಇನ್ನಿಬ್ಬರಿಲ್ಲದೆ ಆಡಲಾಗದ ಆಟವೊಂದನ್ನು ಹೇಳಿಕೊಡುತ್ತೇನೆ. ಹಗ್ಗದ ಒಂದು ತುದಿ ಹಿಡಿಯಲು ಯಾರಾದರೂ ಬಂದೇ ಬರುತ್ತಾರೆ.

ಕೀಟಲೆ, ಪೀಡನೆ ಕಂಡಾಗ ದೊಡ್ಡವರನ್ನು ಕರೆಯಿರಿ ಎಂದು ಹೇಳುವುದರ ಜೊತೆಗೆ, ಸುತ್ತ ನಿಂತ ಮಕ್ಕಳ ಮಾತಿಗೆ ಎಷ್ಟು ಶಕ್ತಿಯಿದೆ ಎಂಬುದನ್ನೂ ಅವರಿಗೆ ತಿಳಿಸಬೇಕು. ಕೆನಡಾದ ಪ್ರಾಥಮಿಕ ಶಾಲೆಗಳ ಮೈದಾನಗಳಲ್ಲಿ ಚಿತ್ರೀಕರಣ ಮಾಡಿ ನಡೆಸಿದ, 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪೀಡನೆ ನಡೆದ ಸಂದರ್ಭಗಳ ಪೈಕಿ ಶೇಕಡಾ 88ರಲ್ಲಿ ಬೇರೆ ಮಕ್ಕಳು ಹತ್ತಿರದಲ್ಲೇ ಇದ್ದರು, ಶೇಕಡಾ 19ರಲ್ಲಿ ಮಾತ್ರ ಯಾರಾದರೂ ನಡುವೆ ಬಂದರು. ಆದರೆ ಹಾಗೆ ನಡುವೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಅಂದರೆ ಶೇಕಡಾ 57ರಷ್ಟು ಸಲ, ಪೀಡನೆ 10 ಸೆಕೆಂಡುಗಳೊಳಗೆ ನಿಂತಿತು. "ಬಾ, ನಾವು ಆಡೋಣ" ಎಂದು ಪೀಡನೆಗೊಳಗಾದ ಮಗುವನ್ನು ಕರೆದುಕೊಂಡು ಹೋಗುವುದು ನಾಲ್ಕನೆಯ ತರಗತಿಯ ಮಗುವಿಗೂ ಸಾಧ್ಯವಾದ ಕೆಲಸ. ನಾವು ಇದನ್ನು ತರಗತಿಯಲ್ಲಿ ಆಡಿ ತೋರಿಸಿ ಅಭ್ಯಾಸ ಮಾಡಿಸುತ್ತೇವೆ.

ಇನ್ನೊಂದು ಕೋರಿಕೆ. ಹೋಂವರ್ಕ್ ಮಾಡಿರದ ಮಗುವನ್ನು ಬಿಡುವಿನಲ್ಲಿ ತರಗತಿಯೊಳಗೆ ಕೂರಿಸಬೇಡಿ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿಶ್ರಾಂತಿಯನ್ನೂ ಆಟವನ್ನೂ ಹಕ್ಕೆಂದೇ ಹೇಳುತ್ತದೆ. ಹಾಗೆ ಒಳಗೆ ಕೂರಿಸಲ್ಪಡುವವರು ಸಾಮಾನ್ಯವಾಗಿ ಅದೇ ಮೂರು ನಾಲ್ಕು ಮಕ್ಕಳು. ಗೆಳೆತನ ಬೆಳೆಯುವ ಹೊತ್ತನ್ನೇ ಅವರಿಂದ ಕಿತ್ತುಕೊಂಡರೆ ಅವರು ಯಾವಾಗ, ಯಾರೊಂದಿಗೆ ಬೆರೆಯಬೇಕು?

ಪ್ರಶ್ನೆ ಕೇಳಿದ ಶಿಕ್ಷಕಿಯ ಮರುಬರಹ, ಐದು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಶಿಕ್ಷಕರ ಸಭೆಯಲ್ಲಿ ಎಲ್ಲರೂ ಒಪ್ಪಲಿಲ್ಲ. ಕಳೆಯುವ ಅಂಕವಿಲ್ಲದಿದ್ದರೆ ಶಿಸ್ತು ಉಳಿಯದು ಎಂಬ ಭಯ ಕೆಲವರಿಗಿತ್ತು, ಆ ಭಯವನ್ನು ನಾನು ತಳ್ಳಿಹಾಕಲಾರೆ. ಕೊನೆಗೆ ನನ್ನ ತರಗತಿಯಲ್ಲಿ ಮಾತ್ರ ಈ ಅವಧಿಯ ಕೊನೆಯವರೆಗೆ ಅಂಕ ಸೇರಿಸುವುದನ್ನೂ ಕಳೆಯುವುದನ್ನೂ ನಿಲ್ಲಿಸಿ ನೋಡಬಹುದೆಂದು ತೀರ್ಮಾನವಾಯಿತು.

ಆ ಹುಡುಗನಿಗೆ ಉತ್ತರ ಕೊಡುವ ಮೊದಲು ಅವನ ತಂಡದವರನ್ನು ಕೂರಿಸಿಕೊಂಡು ಮಾತನಾಡಿದೆ. ಅವನು ಏಕೆ ತಡವಾದನೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ, ಫಲಕದಲ್ಲಿ ಎರಡು ಅಂಕ ಕಡಿಮೆಯಾದದ್ದನ್ನು ಮಾತ್ರ ಎಲ್ಲರೂ ನೋಡಿದ್ದರು. ನಡೆದದ್ದನ್ನು ಹೇಳಿದಾಗ ಒಬ್ಬಳು ಹುಡುಗಿ, "ಮೊದಲೇ ಹೇಳಬಾರದಿತ್ತೇ?" ಎಂದು ಅವನ ಮೇಲೆಯೇ ಸಿಟ್ಟಾದಳು, ಆಮೇಲೆ ಅತ್ತಳು. ಅವನಿಗೆ ನಾನು, ಅದಕ್ಕೆ ಅಂಕವಿಲ್ಲ, ಯಾವತ್ತೂ ಇರುವುದಿಲ್ಲ, ಆದರೆ ಅದರಿಂದಾಗಿ ಇನ್ನು ಮುಂದೆ ಯಾರ ಅಂಕವೂ ಹೋಗುವುದಿಲ್ಲ ಎಂದು ಹೇಳಿದೆ. ಅವನು ತಲೆಯಾಡಿಸಿ ಆಡಲು ಓಡಿದ.

ಹಾಜರಿ ಪುಸ್ತಕದಲ್ಲಿ 'ತಡ' ಎಂಬುದರ ಪಕ್ಕದಲ್ಲಿ 'ಕಾರಣ' ಎಂಬ ಒಂದು ಕಾಲಂ ಎಳೆದಿದ್ದೇನೆ. ತಡವಾಗಿ ಬಂದವರನ್ನು ಮಾನಿಟರ್ ಮೊದಲು "ಏನಾಯಿತು?" ಎಂದು ಕೇಳಬೇಕು, ಅವರು ಹೇಳಿದ್ದನ್ನು ಹಾಗೆಯೇ ಬರೆಯಬೇಕು, ಅಷ್ಟೇ ನಿಯಮ. ಜಲಚಕ್ರದ ಪಾಠವನ್ನು ಜಿಗ್‌ಸಾ ಕ್ರಮದಲ್ಲಿ ಮಾಡಿದೆ. ಎರಡು ಗುಂಪುಗಳಲ್ಲಿ ಚೆನ್ನಾಗಿ ನಡೆಯಿತು, ಒಂದರಲ್ಲಿ ಜಗಳವೇ ಆಯಿತು, ಮುಂದಿನ ಸಲ ಗುಂಪುಗಳನ್ನು ಬೇರೆ ರೀತಿಯಲ್ಲಿ ಮಾಡುವೆ. ಸಂಜೆಯ ಐದು ನಿಮಿಷ ಕೋಣೆ ಗುಡಿಸುವ ಅಮ್ಮನದಾಗಿದೆ. ಕಿಟಕಿಯ ಕಡೆಯಿಂದ ಬಾಗಿಲಿನ ಕಡೆಗೆ ಗುಡಿಸಬೇಕೆಂದು ಅವರು ಹೇಳಿಕೊಟ್ಟದ್ದನ್ನು ಮಕ್ಕಳು ಈಗ ನನಗೆ ಹೇಳಿಕೊಡುತ್ತಾರೆ, ಅವರ ಹೆಸರು ಮೂವತ್ತೆರಡು ಮಕ್ಕಳಿಗೂ ಗೊತ್ತು.

ತಡವಾಗಿ ಬರುವವರ ಸಂಖ್ಯೆ ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ. ಅವಧಿ ಮುಗಿದ ಮೇಲೆ ಸಭೆಯ ಮುಂದೆ ಆ ಪುಸ್ತಕವನ್ನೇ ಇಡುತ್ತೇನೆ. ಮೊನ್ನೆಯ ಪುಟದಲ್ಲಿ ಕಾರಣದ ಕಾಲಂನಲ್ಲಿ, "ನೀರಿನ ಬಾಟಲಿಯ ಮುಚ್ಚಳ ಉರುಳಿಹೋಯಿತು, ಮೂವರು ಹುಡುಕಿದೆವು, ಸಿಕ್ಕಿತು" ಎಂದು ಬರೆದಿತ್ತು. ಮೂವರಲ್ಲಿ ಇಬ್ಬರು ಬೇರೆ ಬಣ್ಣದ ತಂಡದವರು.